ಬಾಗಿಲು ಕಾಣುತ್ತದೆ, ಒಳಗೆ ಬಿಡುವುದಿಲ್ಲ

ನಾವು ಹಳ್ಳಿ ಹಳ್ಳಿ ಸುತ್ತಿ ರೆಕಾರ್ಡ್ ಮಾಡಿದ ಹಾಡು, ಮಾತು, ಫೋಟೊಗಳೆಲ್ಲ ಒಂದು ಚಿಕ್ಕ ಪೆಟ್ಟಿಗೆಯಲ್ಲಿವೆ. ಅದಕ್ಕೆ ನೆಟ್‌ವರ್ಕ್ ಸ್ಟೋರೇಜ್ ಎನ್ನುತ್ತಾರೆ. ಒಳಗೆ ಎರಡು ಹಾರ್ಡ್ ಡಿಸ್ಕ್. ವೈಫೈ ರೂಟರ್‌ಗೆ ವೈರ್ ಸಿಕ್ಕಿಸಿದರೆ ಆಫೀಸಿನ ಯಾವ ಕಂಪ್ಯೂಟರಿನಿಂದಲಾದರೂ ಅದರ ಫೋಲ್ಡರ್ ತೆರೆಯಬಹುದು. ಊರಿನ ಉಗ್ರಾಣ ಇದ್ದಂತೆ.

ಈಚೆಗೆ ಬೀಸುವ ಪದ ಹಾಡುತ್ತಿದ್ದ ಅಜ್ಜಿಯೊಬ್ಬರು ತೀರಿಕೊಂಡರು. ಮೊಮ್ಮಗ ಫೋನ್ ಮಾಡಿ, "ಅಕ್ಕಾ, ಹನ್ನೊಂದನೇ ದಿನದ ಕಾರ್ಯಕ್ಕೆ ಅಜ್ಜಿ ದನಿ ಕೇಳಿಸಬೇಕು. ನಿಮ್ಮ ಹತ್ರ ಬಿಟ್ರೆ ಇನ್ನೆಲ್ಲೂ ಇಲ್ಲ" ಎಂದ. ಮೂರು ದಿನ ಉಳಿದಿತ್ತು. ಲ್ಯಾಪ್‌ಟಾಪ್ ತೆರೆದರೆ ಫೋಲ್ಡರಿನ ಹೆಸರು ಕಾಣುತ್ತಿದೆ, ಒತ್ತಿದರೆ 'ಆಕ್ಸೆಸ್ ಡಿನೈಡ್'. ಅಂದರೆ ನಿಮಗೆ ಒಳಗೆ ಬರಲು ಅನುಮತಿ ಇಲ್ಲ.

ಪರಿಚಯದ ರಿಪೇರಿಯವರೊಬ್ಬರು "ಪೆಟ್ಟಿಗೆನೇ ರೀಸೆಟ್ ಮಾಡಿಬಿಡಿ" ಎಂದರು. ನಾವು ಒಪ್ಪಲಿಲ್ಲ. ಕೆಲವು ಪೆಟ್ಟಿಗೆಗಳಲ್ಲಿ ರೀಸೆಟ್ ಎಂದರೆ ಪಾಸ್‌ವರ್ಡ್ ಮಾತ್ರ ಅಳಿಯುತ್ತದೆ, ಕೆಲವು ರೀತಿಯ ರೀಸೆಟ್‌ನಲ್ಲಿ ಫೈಲುಗಳೂ ಹೋಗುತ್ತವೆ. ಅಜ್ಜಿಯ ದನಿ ಇಟ್ಟುಕೊಂಡು ಜೂಜಾಡುವುದು ಹೇಗೆ?

ಮೊದಲು ಇನ್ನೊಂದು ಕಂಪ್ಯೂಟರಿನಲ್ಲಿ ನೋಡಿದೆವು. ಅಲ್ಲಿ ಅದೇ ಫೋಲ್ಡರ್ ಸಲೀಸಾಗಿ ತೆರೆಯಿತು. ಎದೆ ಹಗುರಾಯಿತು. ಡಿಸ್ಕ್ ಕೆಟ್ಟಿಲ್ಲ, ಫೈಲ್ ಹೋಗಿಲ್ಲ. ಆ ಅಜ್ಜಿಯ ಹಾಡುಗಳನ್ನು ಅಲ್ಲಿಂದಲೇ ಪೆನ್‌ಡ್ರೈವ್‌ಗೆ ಹಾಕಿಕೊಂಡೆವು. ಮನೆಯವರಿಗೆ ಕೊಡಬೇಕಾದ್ದು ಕೈಗೆ ಬಂದ ಮೇಲೆ ಲ್ಯಾಪ್‌ಟಾಪಿನ ತಕರಾರಿಗೆ ಕೂತೆವು.

ಇಲ್ಲಿ ತಿಳಿಯಬೇಕಾದ್ದು ಒಂದಿದೆ. ಪೆಟ್ಟಿಗೆಗೆ ಮುಖ ಗುರುತಿಲ್ಲ, ಹೆಸರು ಮತ್ತು ಪಾಸ್‌ವರ್ಡ್ ಮಾತ್ರ ಗೊತ್ತು. ವಿಂಡೋಸ್ ಒಮ್ಮೆ ಹಾಕಿದ ಹೆಸರನ್ನು ನೆನಪಿಟ್ಟುಕೊಂಡು, ಮುಂದಿನ ಸಲ ನಮ್ಮನ್ನು ಕೇಳದೆಯೇ ಅದನ್ನು ಹೇಳಿಬಿಡುತ್ತದೆ. ಆ ಲ್ಯಾಪ್‌ಟಾಪನ್ನು ಹಿಂದೆ ತರಬೇತಿಗೆ ಬಂದ ಹುಡುಗರು ಬಳಸುತ್ತಿದ್ದರು. ಕಂಟ್ರೋಲ್ ಪ್ಯಾನೆಲ್‌ನ 'ಕ್ರೆಡೆನ್ಷಿಯಲ್ ಮ್ಯಾನೇಜರ್'ನಲ್ಲಿ ಅವರ ಹೆಸರೇ ಕೂತಿತ್ತು. ಅದನ್ನು ತೆಗೆದು, ಲ್ಯಾಪ್‌ಟಾಪ್ ಆಫ್ ಮಾಡಿ ಆನ್ ಮಾಡಿ, ನಮ್ಮಲ್ಲೊಬ್ಬರ ಹೆಸರು ಹಾಕಿದೆವು. ಬೇರೆ ಫೋಲ್ಡರುಗಳೆಲ್ಲ ತೆರೆದವು. ಹಾಡಿನ ಫೋಲ್ಡರ್ ಮಾತ್ರ ಇಲ್ಲ.

ಹಾಗಾದರೆ ತಡೆ ಪೆಟ್ಟಿಗೆಯೊಳಗೇ ಇರಬೇಕು. ಬ್ರೌಸರಿನಲ್ಲಿ ಅದರ ಅಡ್ಮಿನ್ ಪುಟ ತೆರೆದು ಅನುಮತಿ ಪಟ್ಟಿ ನೋಡಿದೆವು. ಅವರ ಹೆಸರು ಎರಡು ಗುಂಪಿನಲ್ಲಿತ್ತು. ವರದಿಗಾರರ ಗುಂಪಿಗೆ ಒಪ್ಪಿಗೆ, ತರಬೇತಿಯವರ ಗುಂಪಿಗೆ ಈ ಫೋಲ್ಡರ್ ನಿಷೇಧ. ಮನೆಯಲ್ಲಿ ಒಬ್ಬರು ಹೂಂ, ಒಬ್ಬರು ಊಹೂಂ ಅಂದರೆ ಹೇಗೋ ನಡೆಯುತ್ತದೆ. ಆದರೆ ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ನಿಷೇಧದ ಮಾತೇ ಗೆಲ್ಲುತ್ತದೆ. ತರಬೇತಿ ಗುಂಪಿನಿಂದ ಹೆಸರು ತೆಗೆದು, ಮತ್ತೆ ಲಾಗಿನ್ ಆದ ಮೇಲೆ ಫೋಲ್ಡರ್ ತೆರೆಯಿತು.

ಸಹಕಾರ ಸಂಘ, ಶಾಲೆ, ಸ್ಟುಡಿಯೊ ಎಲ್ಲ ಕಡೆ ಈಗ ಇಂಥ ಪೆಟ್ಟಿಗೆ ಬರುತ್ತಿವೆ. ಬಾಗಿಲು ತೆರೆಯದಿದ್ದಾಗ 'ಎಲ್ಲರಿಗೂ ಪೂರ್ತಿ ಅನುಮತಿ' ಕೊಟ್ಟುಬಿಡುವುದು ಸುಲಭ. ಆಮೇಲೆ ಯಾರು ಬೇಕಾದರೂ ಅಳಿಸಬಹುದು, ಒಂದು ಕಂಪ್ಯೂಟರಿಗೆ ಬಂದ ವೈರಸ್ ಫೋಲ್ಡರನ್ನೆಲ್ಲ ಹಾಳು ಮಾಡಬಹುದು. ಅದಕ್ಕಿಂತ ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದೆಯೇ, ಯಾರ ಹೆಸರಿನಲ್ಲಿ ಒಳಹೋಗುತ್ತಿದ್ದೇವೆ, ಆ ಹೆಸರು ಯಾವ ಗುಂಪಿನಲ್ಲಿದೆ ಎಂದು ಒಂದೊಂದಾಗಿ ನೋಡಿ.

ಇನ್ನೊಂದು ಮಾತು. ಎರಡು ಡಿಸ್ಕ್ ಇದ್ದ ಮಾತ್ರಕ್ಕೆ ಬ್ಯಾಕಪ್ ಇದೆ ಎಂದುಕೊಳ್ಳಬೇಡಿ. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಳಿಯುವಂತೆ ಜೋಡಿಸಿರುತ್ತಾರೆ. ನಾವು ಈಗ ಹಾಡುಗಳನ್ನೆಲ್ಲ ಬೇರೊಂದು ಡಿಸ್ಕ್‌ಗೆ ಇಳಿಸಿ ಇನ್ನೊಂದು ಊರಿನಲ್ಲಿ ಇಟ್ಟಿದ್ದೇವೆ. ನಾವು ರೆಕಾರ್ಡ್ ಮಾಡಿದ ಪ್ರತಿ ಹಾಡುಗಾರರ ಮನೆಗೂ ಒಂದು ಪೆನ್‌ಡ್ರೈವ್ ತಲುಪಿಸುವ ಕೆಲಸ ಶುರುವಾಗಿದೆ. ಅವರ ದನಿ ಕೇಳಲು ಅವರ ಮಕ್ಕಳು ನಮ್ಮ ಅನುಮತಿಗೆ ಕಾಯಬಾರದು.