ಎರಡು ದಿನ, ಒಂದು ಗುಡ್ಡ, ಒಂದು ಹಲಗಿ

ಹೋದ ಶನಿವಾರ, ಭಾನುವಾರ ನಾನು ಯಾವ ಧರಣಿಗೂ ಹೋಗಲಿಲ್ಲ. ಯಾವ ಮನವಿ ಪತ್ರಾನೂ ಬರೀಲಿಲ್ಲ. ಪೊಲೀಸ್ ಠಾಣೆ, ತಹಶೀಲ್ದಾರ್ ಕಚೇರಿ, ಆಸ್ಪತ್ರೆಯ ಶವಾಗಾರ, ಈ ಮೂರಕ್ಕೂ ಕಾಲಿಡದ ಎರಡು ದಿನ ಈ ವರ್ಷ ನನಗೆ ಸಿಕ್ಕಿದ್ದು ಇದೇ ಮೊದಲು. ನಾಲ್ಕು ಜನ ಗೆಳೆಯರು, ಒಂದು ಹಲಗಿ, ಆರು ಬಿಯರ್ ಬಾಟಲಿ, ಹಿರೇಬೆಣಕಲ್ ಗುಡ್ಡ. ಇಷ್ಟೇ ನಮ್ಮ ಹಬ್ಬ.

"ಹೋರಾಟ ಬಿಟ್ಟು ಮಜಾ ಮಾಡಾಕ ಹೋಗಿದ್ರೇನು?" ಅಂತ ಇಬ್ಬರು ಮೂವರು ಫೋನ್ ಮಾಡಿ ಕೇಳಿದರು. ಕೇಳಿದವರು ನಮ್ಮವರೇ, ಸಲಿಗೆಯಿಂದಲೇ ಕೇಳಿದ್ದು. ಎಲ್ಲರಿಗೂ ಬೇರೆ ಬೇರೆ ಹೇಳೋ ಬದಲು ಇಲ್ಲೇ ಬರೀತಿದ್ದೀನಿ. ಉದ್ದ ಆಗ್ತದೆ, ತಾಳ್ಮೆಯಿಂದ ಓದ್ರಿ.

ಇದು ಶುರುವಾಗಿದ್ದು ಕುಷ್ಟಗಿಯ ತಮ್ಮನಿಂದ. ಬೆಂಗಳೂರಿನಲ್ಲಿ ಸಿಕ್ಕ ಸಿಕ್ಕ ಕೆಲಸ ಮಾಡ್ಕೊಂಡಿರೋ ಹುಡುಗ. ಹೋದ ವರ್ಷ ಅಲ್ಲೊಂದು ಬೆಟ್ಟದ ಬುಡದಲ್ಲಿ ಸಂಗೀತ, ಬಿಯರಿನ ದೊಡ್ಡ ಹಬ್ಬ ನಡೀತಂತೆ. ಇವನು ಹೋಗಿದ್ದು ಕುರ್ಚಿ ಹಾಕಾಕ, ಬ್ಯಾರಲ್ ಹೊರಾಕ. ಒಳಗೆ ಬಂದವರ ಕೈಗೆ ಒಂದು ಬಣ್ಣದ ಪಟ್ಟಿ, ಕೆಲಸದವರ ಕೈಗೆ ಇನ್ನೊಂದು ಬಣ್ಣದ ಪಟ್ಟಿ. ಹಾಡು ಶುರುವಾದ ಮೇಲೆ ಕೆಲಸದ ಪಟ್ಟಿಯವರು ವೇದಿಕೆ ಕಡೆ ಬರಂಗಿಲ್ಲ. "ಅಣ್ಣ, ಎರಡು ರಾತ್ರಿ ಹಾಡು ಕೇಳೇನಿ, ಆದ್ರ ಹಾಡೋರ ಮುಖ ನೋಡಿಲ್ಲ. ಶೀಟಿನ ಹಿಂದ ನಿಂತು ಕೇಳೇನಿ" ಅಂದ. ಆಮೇಲೆ ಮೊಬೈಲಿನಲ್ಲಿ ಅರುಣಾಚಲದ ಝೀರೋ ಕಣಿವೆಯ ವಿಡಿಯೋ ತೋರಿಸಿದ. 2012ರಿಂದ ಅಲ್ಲಿ ಸಂಗೀತದ ಹಬ್ಬ ನಡೀತದೆ. ಅಪತಾನಿ ಬುಡಕಟ್ಟಿನ ನೆಲ. ಅವರ ಗದ್ದೆಗಳ ನಡುವೆ ಹಾಡು, ಅವರೇ ಮನೆಯಲ್ಲಿ ಮಾಡಿದ ಅಕ್ಕಿಯ ಬಿಯರು. "ಅವರ ಊರು, ಅವರ ಅಕ್ಕಿ, ಅವರ ಹಬ್ಬ. ನಮಗ್ಯಾಕ ಇಲ್ಲ? ಗಂಗಾವತಿಯಾಗ ಅಕ್ಕಿಗೇನು ಬರ ಐತೇನು?" ಅಂತ ನಕ್ಕ.

ನಗುತ್ತಲೇ ಕೇಳಿದ ಮಾತು ನನ್ನ ತಲೆಯಲ್ಲಿ ಕೂತುಬಿಡ್ತು.

ನಮಗೆ ಹಬ್ಬ ಇಲ್ಲ ಅಂತಲ್ಲ. ಊರಿನ ಜಾತ್ರೆ, ಮದುವೆ, ಸಾವು ಎಲ್ಲದರಲ್ಲೂ ನಾವಿದ್ದೀವಿ. ಹಲಗಿ ಬಾರಿಸೋರು ನಾವು, ಚಪ್ಪರಕ್ಕೆ ತಪ್ಪಲು ತರೋರು ನಾವು, ಊಟ ಆದ ಮೇಲೆ ಎಲೆ ಎತ್ತೋರು ನಾವು. ವಿರೂಪಾಪುರ ಗಡ್ಡೆಯಲ್ಲಿ ವರ್ಷಗಟ್ಟಲೆ ವಿದೇಶಿಯರ ಹಾಡು, ಕುಣಿತ ನಡೀತು. ನಮ್ಮ ಕೇರಿಯವರೂ ಅಲ್ಲಿ ದುಡಿದಿದ್ದಾರೆ: ಪಾತ್ರೆ ತೊಳೆದು, ಹಾಸಿಗೆ ಒಗೆದು, ಗೋಡೆ ಕಟ್ಟಿ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, ಮಾರ್ಚ್‌ನಲ್ಲಿ ಜೆಸಿಬಿ ಬಂದು ರೆಸಾರ್ಟುಗಳೆಲ್ಲ ನೆಲಸಮ. ಮಾಲೀಕರು ಬೇರೆ ಕಡೆ ಹೋದರು. ದಿನಗೂಲಿಯವರ ಲೆಕ್ಕ ಯಾರೂ ಇಡಲಿಲ್ಲ.

ಇನ್ನೊಂದು ಮಾತು ಹೇಳ್ತೀನಿ. ನಮ್ಮ ಕೊಪ್ಪಳ ಜಿಲ್ಲೆಯ ದೌರ್ಜನ್ಯಗಳ ಪಟ್ಟಿಯನ್ನ ನಾವೆಲ್ಲ ಬಾಯಿಪಾಠ ಮಾಡಿದ್ದೀವಿ. ಆದರೆ ಅವು ಎಲ್ಲಿಂದ ಶುರುವಾದವು ಅಂತ ಒಮ್ಮೆ ನೋಡ್ರಿ.

ಗಂಗಾವತಿ ತಾಲ್ಲೂಕಿನ ಮರಕುಂಬಿ, 2014ರ ಆಗಸ್ಟ್ 28. ದಲಿತರ ಗುಡಿಸಲಿಗೆ ಬೆಂಕಿ ಹಚ್ಚಿದರು. 10 ವರ್ಷ ಬಿಟ್ಟು, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಆಮೇಲೆ ಹೈಕೋರ್ಟ್‌ನಲ್ಲಿ ಬಹುತೇಕರಿಗೆ ಜಾಮೀನೂ ಸಿಕ್ಕಿತು. ಕಿಡಿ ಹೊತ್ತಿದ್ದು ಎಲ್ಲಿ? ಗಂಗಾವತಿಯ ಸಿನಿಮಾ ಟಾಕೀಸಿನ ಟಿಕೆಟ್ ಜಗಳದಲ್ಲಿ.

ಕುಷ್ಟಗಿ ತಾಲ್ಲೂಕಿನ ಮಿಯಾಪುರ, 2021ರ ಸೆಪ್ಟೆಂಬರ್. ಎರಡು ವರ್ಷದ ಕೂಸಿನ ಹುಟ್ಟುಹಬ್ಬ. ಅಪ್ಪ ಗುಡಿಯ ಹೊರಗೆ ನಿಂತು ಕೈ ಮುಗಿಸ್ತಿದ್ದಾಗ ಕೂಸು ಒಳಗೆ ಓಡಿಬಿಡ್ತು. ಗುಡಿ ಶುದ್ಧ ಮಾಡಬೇಕು ಅಂತ 25 ಸಾವಿರ ರೂಪಾಯಿ ದಂಡ ಕೇಳಿದರು.

ಯಲಬುರ್ಗಾ ತಾಲ್ಲೂಕಿನ ಸಂಗನಾಳ, 2024ರ ಆಗಸ್ಟ್. ಕ್ಷೌರದಂಗಡಿಯಲ್ಲಿ ಜಗಳ, ದಲಿತ ಯುವಕನನ್ನ ಕತ್ತರಿಯಿಂದ ಇರಿದು ಕೊಂದರು.

ಒಂದು ಸಿನಿಮಾ, ಒಂದು ಹುಟ್ಟುಹಬ್ಬ, ಒಂದು ಕಟಿಂಗು. ಭೂಮಿ ಕೇಳಿದ್ದಕ್ಕೆ ಹೊಡೀತಾರೆ, ಚುನಾವಣೆಗೆ ನಿಂತರೆ ಹೊಡೀತಾರೆ ಅನ್ನೋದು ಗೊತ್ತಿತ್ತು. ಇಲ್ಲಿ ನೋಡಿದರೆ ಶನಿವಾರ ಭಾನುವಾರ ಯಾರು ಬೇಕಾದರೂ ಮಾಡೋ ಸಣ್ಣ ಖುಷಿಗಳು. ನಮ್ಮ ಹುಡುಗ ತಲೆ ಬಾಚ್ಕೊಂಡು, ಒಳ್ಳೇ ಅಂಗಿ ಹಾಕ್ಕೊಂಡು, ಶಿಳ್ಳೆ ಹೊಡೀತಾ ಊರೊಳಗೆ ನಡೆದರೆ ಯಾರದೋ ಕಣ್ಣು ಕೆಂಪಾಗ್ತದೆ. ಹಂಗಿದ್ದ ಮೇಲೆ ನಮ್ಮ ಖುಷಿ ನಮ್ಮ ಹೋರಾಟದ ಹೊರಗಿನ ವಿಷಯ ಹೆಂಗಾಗ್ತದೆ?

ಅದಕ್ಕೇ ಹೊರಟೆವು. ಕೊಪ್ಪಳದ ಅಕ್ಕ, ಕುಷ್ಟಗಿಯ ತಮ್ಮ, ಯಲಬುರ್ಗಾ ಕಡೆಯ ಅತಿಥಿ ಶಿಕ್ಷಕ, ಗಂಗಾವತಿಯ ನಾನು. ಗಂಗಾವತಿಯಿಂದ ಕೊಪ್ಪಳ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರ್ ಹೋದರೆ ಹಿರೇಬೆಣಕಲ್. ಗುಡ್ಡದಲ್ಲಿ ಕರಡಿ, ಚಿರತೆ ಅದಾವು, ಮೇಲಾಗಿ ಅದು ಸಂರಕ್ಷಿತ ಸ್ಮಾರಕ, ರಾತ್ರಿ ಅಲ್ಲಿ ಉಳಿಯಂಗಿಲ್ಲ. ಅದಕ್ಕೆ ಕೆಳಗೆ ನಮ್ಮ ದೊಡ್ಡಪ್ಪನ ಹೊಲದಲ್ಲಿ ರಾತ್ರಿ, ಮುಂಜಾನೆ ಗುಡ್ಡ ಅಂತ ಠರಾವು ಆಯ್ತು. ದರಖಾಸ್ತಿನಲ್ಲಿ ಬಂದ ಎರಡು ಎಕರೆ. ಭತ್ತ ಕೊಯ್ದಿತ್ತು, ಹುಲ್ಲಿನ ಬಣವೆ ಪಕ್ಕ ಚಾಪೆ ಹಾಸಿದೆವು.

ಅಕ್ಕ ಬರೋಕೆ ಮೊದಲು ಮೂರು ಸಲ ಕೇಳಿದ್ಲು: ಎಲ್ಲಿ ಮಲಗೋದು, ಬೆಳಕು ಐತೇನು, ದೊಡ್ಡಮ್ಮ ಇರ್ತಾಳೇನು. ನಾವು ಗಂಡಸರಿಗೆ ಈ ಪ್ರಶ್ನೆ ಹುಟ್ಟೋದೇ ಇಲ್ಲ. 2025ರ ಮಾರ್ಚ್ 6ರ ರಾತ್ರಿ ಇದೇ ತಾಲ್ಲೂಕಿನ ಸಾಣಾಪುರದ ಕಾಲುವೆ ದಂಡೆಯಲ್ಲಿ ಕೆಲವರು ಗಿಟಾರ್ ನುಡಿಸ್ತಾ ನಕ್ಷತ್ರ ನೋಡ್ತಾ ಕೂತಿದ್ದರು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಆಯ್ತು, ಕಾಲುವೆಗೆ ತಳ್ಳಿಸಿಕೊಂಡ ಒಡಿಶಾದ ಪ್ರವಾಸಿ ಹೆಣವಾಗಿ ಸಿಕ್ಕ. "ನಕ್ಷತ್ರ ನೋಡಾಕೂ ಹೆಣ್ಣಿಗೆ ಕಾವಲು ಬೇಕು. ನೀವು ಹಬ್ಬದ ಹಕ್ಕು ಅಂತೀರಲ್ಲ, ಅದ್ರಾಗ ನಂದೂ ಪಾಲು ಬರೀರಿ" ಅಂದ್ಲು. ದೊಡ್ಡಮ್ಮ ಬಂದಳು, ಕಂದೀಲೂ ಬಂತು.

ಬಿಯರಿನ ವಿಷಯಕ್ಕೆ ಬರ್ತೀನಿ. ತಮ್ಮ ಆರು ಬಾಟಲಿ ತಂದಿದ್ದ. ಅಕ್ಕ ಅವನ್ನ ನೋಡಿ ಸಿಟ್ಟಾಗಲಿಲ್ಲ, ಸುಮ್ಮನೆ ಕೂತು ಮಾತಾಡಿದ್ಲು. ಅವಳ ಅಪ್ಪ ಹೋಗಿದ್ದು ಸಾರಾಯಿಯಿಂದ. 2007ರ ಜುಲೈ 1ಕ್ಕೆ ಸರ್ಕಾರ ಸಾರಾಯಿ ನಿಲ್ಲಿಸಿತು, ಕೇರಿಯ ಹೆಂಗಸರು ಖುಷಿಪಟ್ಟರು. ಆಮೇಲೆ ಬಂದಿದ್ದು 90 ಎಂ.ಎಲ್. ವಿಸ್ಕಿ ಪ್ಯಾಕೆಟ್ಟು. ಈಗ ಕಿರಾಣಿ ಅಂಗಡಿಯಲ್ಲೂ ಕದ್ದು ಮಾರ್ತಾರೆ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಮಾಡ್ರಿ ಅಂತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರಲ್ಲ, ಅದರಲ್ಲಿ ಇವಳೂ ನಡೆದವಳು. ವರ್ಷಕ್ಕೆ 30 ಸಾವಿರ ಕೋಟಿ ಮೀರಿದ ಅಬಕಾರಿ ಆದಾಯದ ಮುಂದೆ ಆ ಬೊಬ್ಬೆ ಎದ್ದ ಕಾಲುಗಳು ಯಾರಿಗೂ ಕಾಣಲಿಲ್ಲ.

"ಬಾಬಾಸಾಹೇಬರು 1956ರಾಗ ನಾಗಪುರದಾಗ 22 ಪ್ರತಿಜ್ಞೆ ಮಾಡಿಸಿದ್ರು. ಕುಡಿಯಂಗಿಲ್ಲ ಅನ್ನೋದೂ ಅದ್ರಾಗ ಒಂದು" ಅಂದ್ಲು.

ತಮ್ಮನೂ ಬಿಡಲಿಲ್ಲ. "ಅಕ್ಕ, ಬೆಂಗಳೂರಾಗ ದೊಡ್ಡೋರು ಕುಡಿದ್ರ ಅದಕ್ಕ ಹಬ್ಬ ಅಂತಾರ. ನಮ್ಮಪ್ಪ ಕುಡಿದ್ರ ಕುಡುಕ ಅಂತಾರ. ಒಂದ್ಸಲ ನಾನೂ ಕುರ್ಚಿ ಮ್ಯಾಲೆ ಕೂತು ತಣ್ಣಗ ಒಂದು ಬಾಟ್ಲಿ ಕುಡೀಬೇಕು ಅನ್ಸಿತ್ತು. ಅಷ್ಟ."

ಇಬ್ಬರದೂ ಖರೇನೇ. ಅವನು ಕೇಳ್ತಿದ್ದಿದ್ದು ಮರ್ಯಾದೆ. ಅವಳು ಕಾಯ್ತಿದ್ದಿದ್ದು ಮನೆಗಳನ್ನ. ಕೊನೆಗೆ ಅಕ್ಕನೇ ಹೇಳಿದ್ಲು: "ನಾ ಯಾರ ಕೈನೂ ಹಿಡಿಯಲ್ಲ. ಹಾಡು ಮುಗಿಯೂತನಕ ಬಾಟ್ಲಿ ತೆಗೀಬ್ಯಾಡ್ರಿ. ಕುಡಿದವರು ಗಾಡಿ ಮುಟ್ಟಬ್ಯಾಡ್ರಿ. ಇದರ ಫೋಟೋ ಹಾಕಿ ಸಣ್ಣ ಹುಡುಗ್ರಿಗೆ ಹುಚ್ಚು ಹಿಡಿಸಬ್ಯಾಡ್ರಿ." ಮೂರಕ್ಕೂ ಒಪ್ಪಿಗೆ ಆಯ್ತು. ಆ ರಾತ್ರಿ ಖಾಲಿಯಾಗಿದ್ದು ಎರಡೇ ಬಾಟಲಿ, ಅದೂ ಹಾಡು ಮುಗಿದ ಮೇಲೆ. ಉಳಿದ ನಾಲ್ಕು ಬ್ಯಾಗಿನಲ್ಲೇ ಉಳಿದವು, ಯಾಕಂದ್ರೆ ಹಾಡು ಮುಗಿದಿದ್ದೇ ರಾತ್ರಿ ಎರಡಕ್ಕೆ.

ಹಾಡು ಅಂದ್ರೆ ಎಂಥಾ ಹಾಡು! ಸಿದ್ದಲಿಂಗಯ್ಯನವರ ಹೋರಾಟದ ಹಾಡು, ಕಡಕೋಳ ಮಡಿವಾಳಪ್ಪನ ತತ್ವಪದ, ಅಲಾಯಿ ಹಬ್ಬದ ಪದ, ದೊಡ್ಡಮ್ಮನ ಬೀಸುಕಲ್ಲಿನ ಪದ, ನಡುವೆ ತಮ್ಮನ ಸಿನಿಮಾ ಹಾಡು. ಮೈಕಿಲ್ಲ, ಟಿಕೆಟ್ಟಿಲ್ಲ, ಕೈಗೆ ಪಟ್ಟಿಯಿಲ್ಲ.

ಆದರೆ ಹಲಗಿ ತೆಗೆದಾಗ ಯಲಬುರ್ಗಾ ಕಡೆಯ ಗೆಳೆಯ ಎದ್ದು ದೂರ ಹೋಗಿ ಕೂತ.

ಅವನ ಕತೆ ನನಗೆ ಗೊತ್ತಿತ್ತು. ಅವರಜ್ಜ ಊರ ದೊಡ್ಡ ಮನೆಯ ಸಾವಿಗೆ ಬಿಟ್ಟಿ ಹಲಗಿ ಬಾರಿಸೋಲ್ಲ ಅಂತ ನಿಂತ ಮನುಷ್ಯ. ಮರುದಿನದಿಂದ ಕೂಲಿ ಬಂದ್, ಅಂಗಡಿಯಲ್ಲಿ ಸಾಮಾನು ಬಂದ್. ಅಜ್ಜ ಹಲಗಿಯನ್ನ ಗೂಟಕ್ಕೆ ತೂಗುಹಾಕಿದ, ಮತ್ತೆ ಇಳಿಸಲಿಲ್ಲ. ಮೊಮ್ಮಗ ಓದಿ ಮಾಸ್ತರ ಆಗಿದ್ದು ಆ ಗೂಟದ ಕೆಳಗೆ. "ನಮ್ಮಜ್ಜ ಉಪವಾಸ ಬಿದ್ದು ಬಿಟ್ಟಿದ್ದನ್ನ ನಾ ಯಾಕ ಹಿಡೀಲಿ? ನೀವು ಇದಕ್ಕ ಕಲೆ ಅಂತೀರಿ. ನನಗ ಅದು ಹೆಣದ ಮುಂದಿನ ಸಪ್ಪಳ" ಅಂದ.

ನಮ್ಮ ಸಂಘಟನೆಗಳಲ್ಲಿ ಈ ಜಗಳ ಹಳೇದು. ಹಲಗಿ ಬಿಡೋದೇ ಬಿಡುಗಡೆ ಅಂದವರು ಇದ್ದಾರೆ. ಹಲಗಿಯನ್ನ ವೇದಿಕೆಗೆ ತಂದು ಅದರ ಸಪ್ಪಳದಲ್ಲೇ ಸಭೆ ಶುರು ಮಾಡಿದವರೂ ಇದ್ದಾರೆ. ನಾನು ಎರಡನೇ ಗುಂಪಿನವನು. ಆದರೂ ಆ ರಾತ್ರಿ ವಾದ ಮಾಡೋಕೆ ಮನಸ್ಸು ಬರಲಿಲ್ಲ. ಬಾರಿಸೋ ಹಕ್ಕು ಇದ್ದಂಗೆ ಬಾರಿಸದೇ ಇರೋ ಹಕ್ಕೂ ಅವರಜ್ಜ ಗಳಿಸಿಕೊಟ್ಟಿದ್ದು.

ಚಳಿಗೆ ಹಲಗಿಯ ಚರ್ಮ ಸಡಿಲಾಗಿತ್ತು. ನಾನು ಬೆಂಕಿಗೆ ಹಿಡಿದೆ, ಸರಿ ಕಾಯಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಎದ್ದು ಬಂದ. "ಹಂಗ ಹಿಡಿದ್ರ ಚರ್ಮ ಸುಡ್ತೈತಿ, ಕೊಡಿಲ್ಲಿ" ಅಂತ ಕಸ್ಕೊಂಡ. ಹುಲ್ಲಿನ ಉರಿಯ ಮೇಲೆ ತಿರುಗಿಸಿ ತಿರುಗಿಸಿ, ಬೆರಳಿನಿಂದ ತಟ್ಟಿ ನೋಡಿ, ಮತ್ತೆ ತಿರುಗಿಸಿ ಕಾಸಿದ. ಯಾರು ಕಲಿಸಿದ್ರು ಅಂತ ಕೇಳಿದರೆ, "ಯಾರೂ ಇಲ್ಲ. ಅಜ್ಜ ಹೇಳ್ತಿದ್ದ ಅಷ್ಟ" ಅಂದ. "ಕಾಸಿ ಕೊಡ್ತೀನಿ, ಬಾರಿಸಂಗಿಲ್ಲ" ಅಂತ ಅಕ್ಕನ ಕೈಗೆ ಕೊಟ್ಟ.

ಅಕ್ಕ ಹಲಗಿ ಹೆಗಲಿಗೆ ಹಾಕ್ಕೊಂಡ್ಲು. ನಮ್ಮ ಕಡೆ ಹೆಣ್ಣುಮಕ್ಕಳು ಹಲಗಿ ಮುಟ್ಟೋದು ಕಮ್ಮಿ. ದೊಡ್ಡಮ್ಮ ಮೊದಲು ಬಾಯಿ ಮೇಲೆ ಕೈ ಇಟ್ಕೊಂಡ್ಲು, ಆಮೇಲೆ ಅವಳೇ ಎದ್ದು ಹೆಜ್ಜೆ ಹಾಕಿದ್ಲು. ಯಾವ ಹೆಣದ ಮುಂದೂ ಅಲ್ಲ, ಯಾವ ಪಲ್ಲಕ್ಕಿಯ ಮುಂದೂ ಅಲ್ಲ. ಗೆಳೆಯ ಬೆಂಕಿ ಪಕ್ಕ ಕೂತು ನೋಡ್ತಾ ಇದ್ದ. ಅವನ ಕಾಲು ತಾಳ ಹಾಕ್ತಿತ್ತೋ ಇಲ್ಲೋ, ನಾನು ಬರೆಯಂಗಿಲ್ಲ. ಅದು ಅವನಿಗೆ ಬಿಟ್ಟಿದ್ದು.

ಮುಂಜಾನೆ ಗುಡ್ಡ ಹತ್ತಿದೆವು. ಅಂಜನಾದ್ರಿಗೆ 575 ಮೆಟ್ಟಿಲು ಅದಾವು. ಮೊರೇರ ಗುಡ್ಡಕ್ಕೆ ಇರೋದು ಕಲ್ಲು ಮುಳ್ಳಿನ ಕಾಲುದಾರಿ. ಮೇಲೆ ಹೋದರೆ ಸುಮಾರು 400 ಕಲ್ಲಿನ ಗೋರಿಗಳು. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ, ಗೋಡೆಯಲ್ಲಿ ದುಂಡನೆಯ ಕಿಂಡಿ ಇರೋ ಕಲ್ಲುಮನೆಗಳು. ಮೊರೇರು ಅನ್ನೋ ಕುಳ್ಳ ಜನ ಕಟ್ಟಿದ್ದು ಅಂತ ಊರವರು ಹೇಳ್ತಾರೆ. ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವು ಅಂತ ಪುರಾತತ್ವದವರು ಹೇಳ್ತಾರೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದೆ.

ಅಲ್ಲೇ ಎತ್ತರದ ಬಂಡೆ ಮೇಲೆ ನಗಾರಿ ಕಲ್ಲು ಐತಿ. ಅರ್ಧ ಗೋಲದಂಗೆ, ಸುಮಾರು ಎರಡು ಮೀಟರ್ ಅಗಲ. ಕಟ್ಟಿಗೆ ಕೊಡತಿಯಿಂದ ಹೊಡೆದರೆ ದೂರದವರೆಗೆ ಕೇಳ್ತದೆ. ಜನರನ್ನ ಕೂಡಿಸಾಕ, ಎಚ್ಚರಿಸಾಕ ಬಾರಿಸ್ತಿದ್ದಿರಬಹುದು ಅನ್ನೋದು ತಿಳಿದವರ ಊಹೆ. ನಾವು ಮುಟ್ಟಲಿಲ್ಲ, ಕೆಳಗೆ ನಿಂತು ನೋಡಿದೆವು.

ಮಾಸ್ತರ ಗೆಳೆಯ ಬಹಳ ಹೊತ್ತು ನೋಡಿ ಒಂದು ಮಾತು ಅಂದ: "ಇದಕ್ಕ ಚರ್ಮ ಇಲ್ಲ. ಅದಕ್ಕ ಇದನ್ನ ಬಾರಿಸಿದವರಿಗೆ ಮೈಲಿಗೆ ಹತ್ತಿಲ್ಲ."

ನಾವ್ಯಾರೂ ಮಾತಾಡಲಿಲ್ಲ. ತಮ್ಮ ಮಾತ್ರ, "ಹಂಗಾದ್ರ ಆಗ ಜಾತಿ ಇರಲಿಲ್ಲೇನು ಸರ?" ಅಂತ ಕೇಳಿದ. "ಗೊತ್ತಿಲ್ಲೋ. ನೋಡು, ಕೆಲವರಿಗೆ ಆನೆಯಂಥ ಚಪ್ಪಡಿ, ಕೆಲವರಿಗೆ ಮೊಣಕಾಲುದ್ದದ್ದು. ಆಗೂ ದೊಡ್ಡೋರು ಸಣ್ಣೋರು ಇದ್ದಿರಬೇಕು. ಸುವರ್ಣ ಯುಗ ಹುಡುಕಾಕ ಹೋಗಬ್ಯಾಡ. ಆದ್ರ ನಗಾರಿ ಕೇಳಿದಾಗ ಎಲ್ಲಾರೂ ಬಂದಿರಬೇಕು" ಅಂದ.

ಒಂದು ಕಲ್ಲುಮನೆಯ ಒಳಗೆ ಯಾರೋ ಒಡೆದ ಬಿಯರ್ ಬಾಟಲಿ ಬಿದ್ದಿದ್ದವು, ಚಿಪ್ಸಿನ ಪ್ಯಾಕೆಟ್ಟು. ಎರಡು ಸಾವಿರ ವರ್ಷ ದಾಟಿದ ಚಪ್ಪಡಿ ಮೇಲೆ ಇದ್ದಿಲಿನಿಂದ ಬರೆದ ಹೆಸರು. ತಮ್ಮ ಚೀಲ ಬಿಚ್ಚಿ ಗಾಜು ಆರಿಸೋಕೆ ಶುರು ಮಾಡಿದ. "ಇಲ್ಲೂ ನಾವ ಆರಿಸಬೇಕೇನು?" ಅಂತ ಅಕ್ಕ ಅಂದ್ಲು, ಅಂದು ತಾನೂ ಕೂತಳು. ಆರಿಸಿದೆವು, ಆದರೆ ಯಾರೂ ನಮಗೆ ಆರಿಸ್ರಿ ಅಂತ ಹೇಳಿರಲಿಲ್ಲ. ಆ ಫರಕು ನಮಗೆ ಗೊತ್ತು.

ಬಾಬಾಸಾಹೇಬರು ಇಳಿವಯಸ್ಸಿನಲ್ಲಿ ವಯೊಲಿನ್ ಕಲಿತರು. ಆ ಮನುಷ್ಯನಿಗೆ ಇದ್ದ ಕೆಲಸ ನಮ್ಮಲ್ಲಿ ಯಾರಿಗಿದೆ? ಆದರೂ ಕೈಯಲ್ಲಿ ಕಮಾನು ಹಿಡಿದು ಕೂತರು. ಅದು ಯಾರನ್ನೂ ಮೆಚ್ಚಿಸೋಕೆ ಆಗಿರಲಿಲ್ಲ. ಅವರ ಕೋಟು, ಪೆನ್ನು, ಪುಸ್ತಕದ ಬಗ್ಗೆ ನಾವು ಭಾಷಣ ಮಾಡ್ತೀವಿ. ಆ ವಯೊಲಿನ್ ಬಗ್ಗೆಯೂ ನಮ್ಮ ಹುಡುಗರಿಗೆ ಹೇಳಬೇಕು.

ಗೆಳೆಯರೇ, ಸೋಮವಾರದಿಂದ ಮತ್ತೆ ಅದೇ ಕಚೇರಿ, ಅದೇ ಠಾಣೆ. ಸಾಕ್ಷಿಗಳನ್ನ ಉಳಿಸ್ಕೋಬೇಕು, ಹಾಸ್ಟೆಲಿನ ಅನ್ನದ ವಿಷಯ ಐತಿ, ಸ್ಮಶಾನದ ಜಾಗದ ವಿಷಯ ಐತಿ. ಅವನ್ನೆಲ್ಲ ಮಾಡೋರು ಮನುಷ್ಯರು. ಹತ್ತು ವರ್ಷ ಸಿಟ್ಟಿನ ಮೇಲೆ ಮಾತ್ರ ಸಂಘಟನೆ ನಡೆಸಿದರೆ ಏನಾಗ್ತದೆ ಅಂತ ನಿಮಗೂ ಗೊತ್ತು: ಅರ್ಧ ಜನ ಮನೆಗೆ ಹೋಗ್ತಾರೆ, ಉಳಿದ ಅರ್ಧ ತಮ್ಮ ತಮ್ಮಲ್ಲೇ ಬಡಿದಾಡ್ತಾರೆ.

ಮುಂದಿನ ಸಲ ಕುಷ್ಟಗಿ ಕಡೆ ಅಂತ ಮಾತಾಗಿದೆ. ಹಾಸ್ಟೆಲ್ ಹುಡುಗ ಹುಡುಗಿಯರನ್ನೂ ಕರೀತೀವಿ, ಹಾಗಾಗಿ ಬಿಯರ್ ಇರಲ್ಲ. ತಮ್ಮನೇ ಈ ಮಾತು ಹೇಳಿದ್ದು. ಹಾಡೋರು ಬರ್ರಿ, ಬಾರಿಸೋರು ಬರ್ರಿ, ಬಾರಿಸಂಗಿಲ್ಲ ಅನ್ನೋರೂ ಬರ್ರಿ. ಹಲಗಿ ಕಾಸಾಕ ಆಳು ಬೇಕು. ಬುತ್ತಿ ಅವರವರದೇ.

ಜೈ ಭೀಮ್.