“ಉಸಿರಾಡುತ್ತಿದ್ದಾರೆಯೇ?”

ಹಿಂದೊಂದು ರಾತ್ರಿ ನಮ್ಮ ಅತ್ತೆಯವರು ಅಡಿಗೆಮನೆಯಲ್ಲಿ ಕುಸಿದುಬಿದ್ದರು. ೧೦೮ಕ್ಕೆ ಕರೆಮಾಡಿದಾಗ ಆ ಕಡೆಯ ಹೆಣ್ಣುಮಗಳು “ಉಸಿರಾಡುತ್ತಿದ್ದಾರೆಯೇ?” ಎಂದು ಮೂರು ಸಲ ಕೇಳಿದರು, ನಾವೋ ಮನೆಯ ಗುರುತನ್ನೇ ಹೇಳುತ್ತಲಿದ್ದೆವು! ಅದು ಬರಿಯ ಮೂರ್ಛೆ. ಅತ್ತೆಯವರು ಎದ್ದು ಕುಳಿತು ನಮ್ಮ ಗಾಬರಿಯನ್ನೇ ಗದರಿಸಿದರು. ಆ ಪ್ರಶ್ನೆ ಮಾತ್ರ ನಮ್ಮ ಮನಸ್ಸನ್ನು ಬಿಡಲಿಲ್ಲ.

ಹೃದಯವು ನಿಂತುಹೋದರೆ, ಆಂಬುಲೆನ್ಸ್ ಬರುವ ಮುನ್ನವೇ ಎದೆಯನ್ನೊತ್ತುವ ಕ್ರಮವನ್ನು ದೂರವಾಣಿಯಲ್ಲಿ ಹೇಳಿಕೊಡಬೇಕು. ಅದಕ್ಕೂ ಮೊದಲು, ನಮ್ಮಂಥವರ ಅರಚಾಟದ ನಡುವೆ ಸಂಗತಿಯನ್ನು ಗುರುತಿಸಬೇಕಷ್ಟೆ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಈ ಕಾರ್ಯಕ್ಕೆ ಕೃತಕ ಬುದ್ಧಿಮತ್ತೆಯನ್ನು ಪರೀಕ್ಷಿಸಿದರು. ೨೦೧೪ರ ೧,೦೮,೬೦೭ ಕರೆಗಳ ಧ್ವನಿಮುದ್ರಣವನ್ನು ಯಂತ್ರಕ್ಕೆ ಒಪ್ಪಿಸಲಾಗಿ, ಹೃದಯಸ್ತಂಭನದ ೯೧೮ ಕರೆಗಳಲ್ಲಿ ಮನುಷ್ಯರು ನೂರಕ್ಕೆ ೭೨.೫ನ್ನು ಗುರುತಿಸಿದ್ದರೆ ಅದು ೮೪.೧ನ್ನು ಗುರುತಿಸಿತು, ಅದೂ ಸುಮಾರು ಹತ್ತು ಸೆಕೆಂಡು ಮೊದಲೇ. ಆದರೆ ಅದು ಕೊಟ್ಟ ಐದು ಎಚ್ಚರಿಕೆಗಳಲ್ಲಿ ನಿಜವಾದುದು ಒಂದೇ. ಸುಳ್ಳಿಗೆ ಓಡಿದ ಗಾಡಿ ಇನ್ನೊಬ್ಬರ ಬಾಗಿಲಿಗೆ ತಡವಾಗದೆ?

ಬಳಿಕ ೨೦೧೮-೧೯ರಲ್ಲಿ ಕರೆ ಸ್ವೀಕರಿಸುವವರ ಕಣ್ಣ ಮುಂದೆಯೇ ಯಂತ್ರದ ಸೂಚನೆ ಮೂಡುವಂತೆ ಮಾಡಿದರು. ಯಂತ್ರವು ಪತ್ತೆಹಚ್ಚಿದ ನಿಜವಾದ ಪ್ರಸಂಗಗಳಲ್ಲಿ, ಸೂಚನೆ ಕಂಡವರು ನೂರಕ್ಕೆ ೯೩.೧ನ್ನೂ ಕಾಣದವರು ೯೦.೫ನ್ನೂ ಗುರುತಿಸಿದರು, ಇಷ್ಟು ಅಲ್ಪ ಅಂತರವನ್ನು ಯಂತ್ರದ ಗುಣವೆನ್ನಲು ಪರೀಕ್ಷಕರು ಒಪ್ಪಲಿಲ್ಲ. ಯಂತ್ರವು ಅರಿತರೂ ಕುರ್ಚಿಯಲ್ಲಿ ಕುಳಿತವರು ಅದನ್ನು ನಂಬಿ ನುಡಿಯಬೇಕಲ್ಲವೆ! ನಮ್ಮ ಶಾಲೆಯಲ್ಲಿ ಓದಿ ದಾದಿಯರಾದ ಸೋದರಿಯರು ಇದಕ್ಕೇನೆನ್ನುವರೋ, ಕೇಳಬೇಕು.

ಈಗ ನಮ್ಮ ಮನೆಯ ಗೋಡೆಯ ಮೇಲೆ ಆ ಪ್ರಶ್ನೆಯನ್ನು ದಪ್ಪ ಅಕ್ಷರಗಳಲ್ಲಿ ಬರೆದು ಅಂಟಿಸಿರುವೆವು. ಅತ್ತೆಯವರು ಹಾದುಹೋಗುವಾಗಲೆಲ್ಲ “ಆಡುತ್ತಿದ್ದೇನಮ್ಮ” ಎನ್ನುತ್ತಾರೆ.