ಮುಟ್ಟಿದರೆ ಮುನಿ

ಮುಂಬಯಿಯಲ್ಲಿ ಸ್ಪರ್ಶಕ್ಕೆ ಬರವಿಲ್ಲ. ಬೆಳಗಿನ ಡೊಂಬಿವಲಿ ಫಾಸ್ಟ್ ಲೋಕಲ್ಲನ್ನು ಯಾರೂ ತಾವಾಗಿ ಹತ್ತುವುದಿಲ್ಲ, ಹಿಂದಿನವರು ಹತ್ತಿಸುತ್ತಾರೆ. ದಾದರಿನಲ್ಲಿ ಇಳಿಸುವವರೂ ಅವರೇ. ನಡುವೆ ಯಾರದೋ ಮೊಣಕೈ ನಮ್ಮ ಪಕ್ಕೆಯಲ್ಲಿ, ನಮ್ಮ ಚೀಲ ಇನ್ಯಾರದೋ ಹೊಟ್ಟೆಯ ಮೇಲೆ. ಒಬ್ಬರೂ ಮುನಿಯುವುದಿಲ್ಲ. ಇಂಥ ಊರಿನಲ್ಲಿ ಮುಟ್ಟಿದರೆ ಮುನಿಯುತ್ತಿದ್ದದ್ದು ನನ್ನ ಟ್ಯಾಬ್ಲೆಟ್ ಒಂದೇ.

ಅದು ಲ್ಯಾಮಿಂಗ್ಟನ್ ರೋಡಿನ ಸೆಕೆಂಡ್‌ಹ್ಯಾಂಡ್ ಮಾಲು. ಆ ರಸ್ತೆಗೆ ಕಾಗದದ ಮೇಲೆ ಡಾ. ದಾದಾಸಾಹೇಬ್ ಭಡಕಮಕರ್ ಮಾರ್ಗ ಎಂದು ಹೆಸರು. ಜನರ ಬಾಯಲ್ಲಿ ಇಂದಿಗೂ ಲ್ಯಾಮಿಂಗ್ಟನ್ನೇ. ಇಂಟೆಲ್ ಆಟಮ್ ಪ್ರೊಸೆಸರಿನ ಆ ಬಡಪಾಯಿ ವಿಂಡೋಸನ್ನು ಹೊತ್ತು ಏದುಸಿರು ಬಿಡುತ್ತಿತ್ತು. ಪ್ರೊಸೆಸರ್ 64 ಬಿಟ್‌ನದು, ಅದನ್ನು ಎಬ್ಬಿಸುವ ಫರ್ಮ್‌ವೇರ್ 32 ಬಿಟ್‌ನದು. ವಿಂಡೋಸ್ ತೆಗೆದು ಡೆಬಿಯನ್ ಲಿನಕ್ಸ್ ಹಾಕಿದೆ, ಇಂಥ ಬೆರಕೆಯನ್ನು ಅದು ಗೊಣಗದೆ ಒಪ್ಪಿಕೊಂಡಿತು. ಯಂತ್ರ ಚುರುಕಾಯಿತು. ದಿಕ್ಕು ಮಾತ್ರ ತಪ್ಪಿತು: ಮೇಲಿನ ಮೆನು ಮುಟ್ಟಿದರೆ ಕೆಳಗಿನ ಕಸದ ಬುಟ್ಟಿ ತೆರೆಯುತ್ತಿತ್ತು.

ಅಗ್ಗದ ಟ್ಯಾಬ್ಲೆಟ್ಟುಗಳಲ್ಲಿ ಸ್ಪರ್ಶದ ಗಾಜನ್ನು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೂರಿಸಿರುತ್ತಾರೆ. ಲಿನಕ್ಸ್ ಕರ್ನೆಲ್ಲಿನಲ್ಲಿ ಇದಕ್ಕೆಂದೇ ಒಂದು ಕಡತವಿದೆ. ಯಾವ ಮಾದರಿಯ ಗಾಜು ತಲೆಕೆಳಗು, ಯಾವುದರಲ್ಲಿ ಅಡ್ಡ-ಉದ್ದ ಅದಲುಬದಲು ಎಂದು ಹೆಸರು ಹಿಡಿದು ಬರೆದಿಟ್ಟ ಪಟ್ಟಿ ಅದು. ಅದನ್ನು ವರ್ಷಗಟ್ಟಲೆ ಸಾಕಿದವರು ನೆದರ್ಲೆಂಡ್ಸಿನ ಡೆವಲಪರ್ ಹಾನ್ಸ್ ಡೆ ಗೂಡೆ. ಹೆಸರು ದಿಕ್ಕಿಲ್ಲದ ಸಂತೆ ಮಾಲನ್ನು ಇಷ್ಟು ಮರ್ಯಾದೆಯಿಂದ ನೋಡಿದವರನ್ನು ನಾನು ಬೇರೆ ಕಂಡಿಲ್ಲ. ನನ್ನದು ಆ ಪಟ್ಟಿಯಲ್ಲಿ ಇರಲಿಲ್ಲ. ಸೊನ್ನೆ, ಒಂದು, ಮೈನಸ್ ಒಂದು ಎಂದು ಒಂಬತ್ತು ಅಂಕೆಗಳ ಮ್ಯಾಟ್ರಿಕ್ಸ್ ಬರೆದು ನಾನೇ ದಿಕ್ಕು ತೋರಿಸಬೇಕಾಯಿತು. ಕಾಲೇಜಿನಲ್ಲಿ ಬೈಸಿಕೊಂಡು ಕಲಿತ ಗಣಿತ ಅನ್ನಕ್ಕೆ ಬಾರದಿದ್ದರೂ ಕಸದ ಬುಟ್ಟಿ ಮುಚ್ಚುವುದಕ್ಕೆ ಬಂತು.

ಆಮೇಲೆ ಫೈರ್‌ಫಾಕ್ಸ್. ಪುಟ ಸರಿಸೋಣವೆಂದು ಬೆರಳೆಳೆದರೆ ಸಾಲುಗಳಿಗೆ ನೀಲಿ ಬಳಿಯುತ್ತಿತ್ತು. ಬೆರಳನ್ನು ಅದು ಮೌಸ್ ಎಂದುಕೊಂಡಿತ್ತು. ಒಂದು ಸಾಲಿನ ಸೆಟ್ಟಿಂಗಿಗೆ ಅದು ದಾರಿಗೆ ಬಂತು. ಲಿನಕ್ಸಿಗೆ ವೇಲ್ಯಾಂಡ್ ಎಂಬ ಹೊಸ ಪರದೆ ವ್ಯವಸ್ಥೆ ಬಂದ ಮೇಲೆ ಆ ಸಾಲೂ ಬೇಡವಾಯಿತು. ಲೋಕಲ್ಲಿನಲ್ಲಿ ತೊಡೆಯ ಮೇಲಿಟ್ಟು ಓದುವಾಗ ಕುರ್ಲಾದ ಹತ್ತಿರ ಗಾಡಿ ಹಳಿ ಬದಲಿಸಿದರೆ ಪರದೆಯೂ ಗಿರಕ್ಕನೆ ತಿರುಗುತ್ತದೆ, ಇಣುಕಿ ಓದುತ್ತಿದ್ದ ಪಕ್ಕದವರ ಕತ್ತೂ ತಿರುಗುತ್ತದೆ. ಮಳೆಗಾಲದಲ್ಲಿ ಕಿಟಕಿಯ ಹನಿ ಬಿದ್ದರೆ ಅದನ್ನೂ ಬೆರಳೆಂದು ಲೆಕ್ಕ ಹಿಡಿಯುತ್ತದೆ.

ಹನಿಯನ್ನು ಬೆರಳೆಂದು ನಂಬಿದ ಆ ಗಾಜು ಅಪ್ಪನ ಬೆರಳನ್ನು ನಂಬಲಿಲ್ಲ.

ಅಷ್ಟೆಲ್ಲ ಒದ್ದಾಡಿದ್ದು ಅಪ್ಪನಿಗೆ ಪೇಪರನ್ನು ದೊಡ್ಡಕ್ಷರದಲ್ಲಿ ಓದಿಸಲಿಕ್ಕೆ. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು ಮಾಟುಂಗಾದ ಹೋಟೆಲಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ದೋಸೆ ಕಾವಲಿಯ ಮುಂದೆ ನಿಂತು ನಮ್ಮನ್ನು ಸಾಕಿದವರು. ಕಾವಲಿ ಅವರ ಬೆರಳ ತುದಿಗಳನ್ನು ಬೇಯಿಸಿ ನುಣುಪಾದ ಜಡ್ಡು ಮಾಡಿಬಿಟ್ಟಿತ್ತು. ಬಿಸಿ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸುತ್ತಿದ್ದರು. ಈ ಜಾತಿಯ ಪರದೆಗೆ ಬೇಕಾದದ್ದು ಒತ್ತಡವಲ್ಲ, ಚರ್ಮದ ಪಸೆ. ಅದರ ಮೂಲಕ ಹರಿಯುವ ಚೂರು ವಿದ್ಯುತ್ತಿನಿಂದಲೇ ಬೆರಳು ಎಲ್ಲಿದೆಯೆಂದು ತಿಳಿಯುವುದು. ಒಣಗಿದ ಜಡ್ಡು ಅದರ ಪಾಲಿಗೆ ಬೆರಳೇ ಅಲ್ಲ. ಅಪ್ಪ ಒತ್ತಿದರು, ಇನ್ನೂ ಜೋರಾಗಿ ಒತ್ತಿದರು. ಆಮೇಲೆ ನನ್ನ ಮುಖ ನೋಡಿದರು.

ಆಗ ನನಗೆ ನೆನಪಾದದ್ದು ಆಕಾಶ್. 2011ರ ಅಕ್ಟೋಬರ್ 5ರಂದು ಸರ್ಕಾರ ದಿಲ್ಲಿಯಲ್ಲಿ ಬಿಡುಗಡೆ ಮಾಡಿದ, ವಿದ್ಯಾರ್ಥಿಗಳಿಗೆಂದೇ ತಯಾರಾದ ಟ್ಯಾಬ್ಲೆಟ್. 366 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ಮೆಮೊರಿ, ಗುದ್ದಿದರೆ ಮಾತ್ರ ಏಳುವ ಪರದೆ ಎಂದು ಎಲ್ಲರೂ ನಕ್ಕರು, ನಾನೂ ನಕ್ಕೆ. ಮರುವರ್ಷ ನವೆಂಬರಿನಲ್ಲಿ ಬಂದ ಎರಡನೆಯ ಆಕಾಶ್‌ಗೆ, 2,263 ರೂಪಾಯಿಯದಕ್ಕೆ, ಈಗಿನ ಜಾತಿಯ ನಾಜೂಕು ಗಾಜೇ ಬಂತು. ಪವಾಯಿಯ ಐಐಟಿಯವರು ಮೆಮೊರಿ ಕಾರ್ಡಿನಿಂದ ಅದರ ಮೇಲೆ ಲಿನಕ್ಸನ್ನೂ ಓಡಿಸಿದರು. ಎಲ್ಲರೂ ಅದನ್ನು ಸುಧಾರಣೆ ಎಂದರು. ಆದರೆ ನಗೆಪಾಟಲಾದ ಆ ಮೊದಲ ಪರದೆಗೆ ಬೇಕಿದ್ದದ್ದು ಒತ್ತಡ ಒಂದೇ. ಉಗುರಾದರೂ ಸೈ, ಸೌಟಿನ ಹಿಡಿಯಾದರೂ ಸೈ, ಅಪ್ಪನ ಜಡ್ಡುಗಟ್ಟಿದ ಬೆರಳಾದರೂ ಸೈ.

ಉಪಾಯ ಅಪ್ಪನೇ ಕಂಡುಕೊಂಡರು. ಗಲ್ಲಾದಲ್ಲಿ ನೋಟು ಎಣಿಸುವವರಂತೆ ಬೆರಳನ್ನು ನಾಲಿಗೆಗೆ ತಾಗಿಸಿ ಮುಟ್ಟಿದರು. ಪರದೆ ತೆಪ್ಪಗೆ ತೆರೆದುಕೊಂಡಿತು. ನಾನು ಆನ್‌ಬೋರ್ಡ್ ಎಂಬ ತೆರೆಯ ಕೀಲಿಮಣೆ ಹಾಕಿ, ಕೀಲಿಗಳನ್ನು ಬಿಸ್ಕತ್ತಿನಷ್ಟು ದೊಡ್ಡದು ಮಾಡಿ, ಕಗಪ ಎಂಬ ಕನ್ನಡ ವಿನ್ಯಾಸ ಹೊಂದಿಸಿಕೊಟ್ಟೆ. ಆ ವಿನ್ಯಾಸದ ಮೂಲಪುರುಷ ಕೆ. ಪಿ. ರಾವ್ ಒಂದು ಕಾಲಕ್ಕೆ ಇದೇ ಮುಂಬಯಿಯ ವಿಜ್ಞಾನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ ಕೆಲಸ ಮಾಡಿದವರು ಎಂದು ಹೇಳಿದೆ. ಅಪ್ಪ ಮೊದಲು ಬರೆಯಹೊರಟದ್ದು ‘ಇಡ್ಲಿ’. ಇ ಆಯಿತು, ಡ ಆಯಿತು, ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು ಎಂದೆ. ಕೈ ಹಿಂದೆಗೆದುಕೊಂಡು, “ಒಂದ್ ಇಡ್ಲಿ ಮಾಡುಕೆ ಇಷ್ಟ್ ಕೆಲ್ಸವಾ?” ಎಂದರು. ಅಮ್ಮ ಅಡುಗೆಮನೆಯಿಂದ ಏನೋ ಅಂದಳು, ಅದನ್ನು ಇಲ್ಲಿ ಬರೆಯುವಂತಿಲ್ಲ.

ಅಪ್ಪ ಈಗಿಲ್ಲ. ಟ್ಯಾಬ್ಲೆಟ್ ಇದೆ. ಅದರ ಕಂಪನಿ ಅದನ್ನು ಎಂದೋ ಕೈಬಿಟ್ಟಿದ್ದರೂ ಡೆಬಿಯನ್ನಿನ ಹೊಸ ಅಪ್ಡೇಟುಗಳು ತಪ್ಪದೆ ಬರುತ್ತವೆ. ನೀವೂ ಹಳೆಯದೊಂದನ್ನು ಕೊಂಡು ಲಿನಕ್ಸ್ ಹಾಕುವ ಹುಮ್ಮಸ್ಸಿನಲ್ಲಿದ್ದರೆ, ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಪೆನ್‌ಡ್ರೈವಿನಿಂದ ಓಡಿಸಿ, ನಾಲ್ಕೂ ಮೂಲೆ ಮುಟ್ಟಿ ನೋಡಿ. ಮನೆಯ ಹಿರಿಯರಿಗೆಂದು ಕೊಳ್ಳುವುದಾದರೆ ಅವರನ್ನೂ ಕರೆದುಕೊಂಡು ಹೋಗಿ ಅವರ ಬೆರಳಿನಲ್ಲೇ ಮುಟ್ಟಿಸಿ. ಅಂಗಡಿಯವನು ಗೊಣಗುತ್ತಾನೆ, ಗೊಣಗಲಿ.